ಮರುಳಸಿದ್ದಪ್ಪನವರ ಪಡಸಾಲೆಯಲ್ಲಿ ಹಿಮಪರ್ವತ

ಪರೀಕ್ಷೆಗೆಂದು ಕರೆಸಿದ್ದ ಪಕ್ಕದ ಮನೆಯ ಹೊಸ ದಂಪತಿ ಪಡಸಾಲೆಯಲ್ಲಿ ಒಬ್ಬರನ್ನೊಬ್ಬರು ನೋಡಿದ್ದೇ ತಡ, ಗೂಡಿನಲ್ಲಿದ್ದ ಪೆಟ್ಟಿಗೆ ಗುಂಯ್‌ಗುಟ್ಟಿತು. ಎಲ್ಲಿಂದಲೋ ನೂರಾರು ಪಿಟೀಲುಗಳು ಮೊಳಗಿದವು. ಒಂದೇ ಬಣ್ಣದ ಲಂಗ ತೊಟ್ಟ ಬೆಳಕಿನ ನರ್ತಕಿಯರು ಗೋಡೆಯಿಂದ ಸಾಲಾಗಿ ಬಂದು ಸೊಂಟ ಕುಣಿಸಿದರು. ಸೋಫಾದ ಹಿಂದೆ ಹಿಮದ ಬೆಟ್ಟ ಎದ್ದಿತು. ಮರುಳಸಿದ್ದಪ್ಪನವರು ಚಪ್ಪಾಳೆ ತಟ್ಟಿಬಿಟ್ಟರು.

ಅದು ‘ಗಾನಸ್ಫೋಟಕ’. ಅದನ್ನು ಕಂಡುಹಿಡಿದ ಡಾ. ವಾರಿಜಾ ವಿವರಿಸಿದರು: “ಎದೆಬಡಿತ, ಉಸಿರು, ಚರ್ಮದ ಬಿಸಿ, ಎಲ್ಲವನ್ನೂ ಇದು ದೂರದಿಂದಲೇ ಅಳೆಯುತ್ತದೆ. ಮಾತಿಗೆ ಸಿಗದಷ್ಟು ಸಂತೋಷ ಉಕ್ಕಿದರೆ ಹಾಡು ಶುರು. ನಟನೆಗೆ ಮೋಸಹೋಗುವುದಿಲ್ಲ.”

“ಅಂದ್ರೆ ಪ್ರೀತಿ ಹುಟ್ಟಿದ್ರೆ ಹಾಡ್ತೈತೆ ಅನ್ರಿ.”

“ಸಂತೋಷ ಅಂದೆ, ಯಜಮಾನ್ರೇ.”

ಎರಡೂ ಒಂದೇ ತಾನೆ? ದಾವಣಗೆರೆಯಲ್ಲಿ ಚಿತ್ರಮಂದಿರ ಇಟ್ಟುಕೊಂಡು ಅರ್ಧ ಆಯಸ್ಸು ಹಿಂದಿ ಸಿನಿಮಾ ಓಡಿಸಿದವರಿಗೆ ಹಾಡಿನ ಹಿಂದೆಯೇ ಮದುವೆ ಬರುತ್ತದೆಂಬುದರಲ್ಲಿ ಸಂಶಯವಿರಲಿಲ್ಲ. ಸಂಶಯವಿದ್ದದ್ದು ಮಗಳು ನೀಲಾಳ ಮುಖದ ಬಗ್ಗೆ. ನೋಡಲು ಬಂದ ವರಗಳಿಗೆಲ್ಲ ಒಂದೇ ತೆರನಾಗಿ ನಗುತ್ತಾಳೆ, ಕೇಳಿದರೆ “ನೀವು ಹೇಳಿದ ಹಾಗೆ ಅಪ್ಪಾಜಿ” ಎನ್ನುತ್ತಾಳೆ. ತಾಯಿಯಿಲ್ಲದ ಮಗುವನ್ನು ಮನಸ್ಸಿಲ್ಲದ ಕಡೆ ಕೊಟ್ಟುಬಿಡುತ್ತೇನೇನೋ ಎಂದು ಅವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಅದಕ್ಕೇ ಈ ಪೆಟ್ಟಿಗೆ ತರಿಸಿದ್ದು.

ಭಾನುವಾರ ಹೊಸ ವರ ಚಂದ್ರಮೌಳಿ ಮತ್ತು ಅವನ ಕಡೆಯವರು ಬಂದರು. ಯಂತ್ರದ ಮೇಲ್ವಿಚಾರಣೆಗೆ ವಾರಿಜಾ ಕೂಡ ಬಂದು ಕೂತರು. ನೀಲಾ ಉಪ್ಪಿಟ್ಟು ತಂದಿಟ್ಟಳು. ಎಲ್ಲರೂ ಉಸಿರು ಬಿಗಿಹಿಡಿದು ಪೆಟ್ಟಿಗೆಯನ್ನೇ ನೋಡಿದರು. ಪೆಟ್ಟಿಗೆ ತೆಪ್ಪಗಿತ್ತು. ಮರುಳಸಿದ್ದಪ್ಪನವರು ಎದ್ದು ಅದಕ್ಕೆ ಎರಡು ತಟ್ಟಿ ಬಂದರು.

“ಹುಡುಗ ಹುಡುಗಿ ಒಳಗೆ ಹೋಗಿ ಎರಡು ಮಾತಾಡ್ಲಿ ಬಿಡ್ರಿ,” ಎಂದರು ವರನ ತಾಯಿ.

ಇಬ್ಬರೂ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಸ್ವಲ್ಪ ಹೊತ್ತಿಗೆ ಮನೆಯೇ ಅದುರಿತು! ಡೋಲು, ತುತ್ತೂರಿ, ಪಿಟೀಲು. ನರ್ತಕಿಯರು ಅಡುಗೆಮನೆಯಿಂದಲೂ ಹೊರಟರು. ಕೋಣೆಯಿಂದ ಹೊರಬಂದ ನೀಲಾಳ ಸೆರಗು ಇಲ್ಲದ ಗಾಳಿಗೆ ಹಾರಾಡುತ್ತಿತ್ತು, ಅವಳ ಹಿಂದೆಯೇ ಬಂದ ಚಂದ್ರಮೌಳಿಯ ನೆತ್ತಿಯ ಮೇಲೆ ಗುಲಾಬಿ ಪಕಳೆ ಸುರಿಯುತ್ತಿತ್ತು. ವರನ ತಾಯಿ ಮಂಡಿನೋವನ್ನೂ ಮರೆತು ಹೆಜ್ಜೆ ಹಾಕಿದರು.

“ತಾಂಬೂಲ ತಗೊಂಬರ್ರಿ!” ಎಂದು ಮರುಳಸಿದ್ದಪ್ಪನವರು ಕೂಗಿದರು.

ತಟ್ಟೆ ಬಂತು. ಎತ್ತಿದ ಕಾಲು ಎತ್ತಿದಂತೆಯೇ ನರ್ತಕಿಯರು ಮಾಯವಾದರು.

ಮರುಳಸಿದ್ದಪ್ಪನವರು ಗಾಬರಿಯಿಂದ ತಟ್ಟೆಯನ್ನು ಬೆನ್ನ ಹಿಂದೆ ಸರಿಸಿದರು. ಪಿಟೀಲು ಕೇಳಿಸಿತು. ಮುಂದೆ ಹಿಡಿದರು, ನಿಂತಿತು. ಮತ್ತೆ ಸರಿಸಿದರು, ಅರ್ಧ ಬೆಟ್ಟ ಎದ್ದಿತು.

“ಡಾಕ್ಟ್ರೇ, ಇದು ಕೆಟ್ಟೈತೆ!”

“ಸರಿಯಾಗೇ ಇದೆ,” ಎಂದರು ವಾರಿಜಾ, ಮೆಲ್ಲಗೆ.

ಚಂದ್ರಮೌಳಿ ತಲೆ ಕೆರೆದುಕೊಂಡ. “ನನಗೆ ಮದ್ವೆ ಬ್ಯಾಡ ಅಂದೆ ಸಾರ್. ನಂಗೂ ಬ್ಯಾಡ ಅಂದ್ರು ಇವ್ರು. ಇಬ್ರಿಗೂ ಭಾಳ ಖುಷಿ ಆಯ್ತು, ಅಷ್ಟೇ.”

ಮರುಳಸಿದ್ದಪ್ಪನವರು ಮಗಳ ಕಡೆ ತಿರುಗಿದರು. “ಒಂದು ಮಾತು ಹೇಳಬಾರದಿತ್ತೇನವ್ವಾ?”

“ಯಾವ ಹುಡುಗ ಆಗಬಹುದು ಅಂತ ಕೇಳ್ತಿದ್ರಿ. ಮದ್ವೆ ಬೇಕಾ ಅಂತ ಕೇಳ್ಲೇ ಇಲ್ಲ, ಅಪ್ಪಾಜಿ.”

ಅವರು ತಟ್ಟೆಯನ್ನು ಒಳಗೆ ಕಳಿಸಿದರು. ಬೆಟ್ಟ ಪೂರ್ತಿ ಎದ್ದಿತು, ಫ್ಯಾನಿನವರೆಗೂ ಹಿಮ.

“ಮತ್ತೆ ನಿನಗೇನು ಬೇಕವ್ವಾ?”

ನೀಲಾ ಏನೋ ಹೇಳತೊಡಗಿದಳು. ಪಿಟೀಲುಗಳ ಅಬ್ಬರದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಮರುಳಸಿದ್ದಪ್ಪನವರು ನರ್ತಕಿಯರನ್ನು ದಾಟಿಕೊಂಡು ಹೋಗಿ ಯಂತ್ರದ ಪ್ಲಗ್ಗು ಕಿತ್ತರು, ಬಂದು ಮಗಳ ಎದುರು ಕೂತರು.

“ಈಗ ಹೇಳು.”