ಸುಂಕದವರ ಮುಂದೆ ಬುರುಡೆ

"ನೂರೈವತ್ತು ವರ್ಷ ಹಳೇದು, ಸರ್!" ಎಂದಳು ಬುರುಡೆ. "ರಾಜರ ಕಾಲದ್ದು. ನಮ್ಮ ತಾತ ಇದರಲ್ಲಿ ಬರೀ ರಾಜರ ಕೋಟುಗಳನ್ನೇ ಹೊಲೀತಿದ್ದಿದ್ದು!"

ಸುಂಕದ ಅಧಿಕಾರಿಯ ಕೈ ಹೊಲಿಗೆ ಮೆಷಿನ್ನಿನ ಮೇಲೆ ಹಾಗೇ ನಿಂತುಬಿಟ್ಟಿತು. ಅದುವರೆಗೂ ಅವರು ಒಂದೊಂದು ಬ್ಯಾಗಿನ ಮೇಲೂ ಸೀಮೆಸುಣ್ಣದಲ್ಲಿ 'ಸರಿ' ಗುರುತು ಗೀಚಿ, "ಹೋಗಿ, ಹೋಗಿ" ಎನ್ನುತ್ತಿದ್ದರು. ಅವರ ಮೀಸೆಯೋ, ಎರಡು ಗುಬ್ಬಿ ಸಂಸಾರಗಳು ಜಗಳವಿಲ್ಲದೆ ಬಾಡಿಗೆಗೆ ಇರಬಹುದಾದಷ್ಟು ದೊಡ್ಡದು. ಆ ಮೀಸೆ ಒಮ್ಮೆ ಅಲುಗಿದರೆ ಪಕ್ಕದ ದೇಶದಲ್ಲಿ ಗಾಳಿ ಬೀಸುತ್ತಿತ್ತು.

ಈಗ ಅದು ಅಲುಗಿತು.

"ಎಷ್ಟು ವರ್ಷ ಅಂದೆ, ಪುಟ್ಟಿ?"

"ನೂರೈವತ್ತು. ಜಾಸ್ತಿನೇ ಇರಬಹುದು, ಕಮ್ಮಿ ಅಂತೂ ಇಲ್ಲ."

"ನೂರು ವರ್ಷ ದಾಟಿದ್ರೆ ಅದು ಪುರಾತನ ವಸ್ತು. ಪರ್ಮಿಷನ್ ಇಲ್ಲದೆ ದೇಶ ಬಿಟ್ಟು ಹೋಗೋ ಹಾಗಿಲ್ಲ." ಅಧಿಕಾರಿ ಸೀಮೆಸುಣ್ಣವನ್ನು ಜೇಬಿಗೆ ಇಳಿಸಿದರು. "ಮೆಷಿನ್ ಇಲ್ಲೇ ಇರಲಿ. ನೀವೆಲ್ಲ ಹೋಗಿಬನ್ನಿ."

ಬುರುಡೆಯ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಆದರೆ ಅದರಿಂದ ಒಂದು ಮಾತೂ ಬರಲಿಲ್ಲ. ಅವಳು ಹುಟ್ಟಿದ ಮೇಲೆ ಹೀಗಾದದ್ದು ಅದೇ ಮೊದಲು.

ಬುರುಡೆ ಅನ್ನುವ ಹೆಸರು ಅವಳಿಗೆ ಸುಮ್ಮನೆ ಬಂದಿರಲಿಲ್ಲ. ಇರುವೆ ಕಂಡರೆ ಆನೆ ಕಂಡೆ ಎನ್ನುವಳು. ಮೊಣಕಾಲು ತರಚಿದರೆ ಕಾಲೇ ಕಳಚಿ ಬಿತ್ತು, ತಾನೇ ಎತ್ತಿ ಜೋಡಿಸಿಕೊಂಡೆ ಎನ್ನುವಳು. ಅವಳ ಕ್ಲಾಸಿನಲ್ಲಿ ಯಾರಾದರೂ ಸುಳ್ಳು ಹೇಳಬೇಕೆಂದರೆ ಮೊದಲು ಅವಳ ಹತ್ತಿರ ಟ್ಯೂಷನ್ನಿಗೆ ಬರಬೇಕಿತ್ತು.

ಈಗ ಮನೆಮಂದಿಯೆಲ್ಲ ಹೊರಟಿದ್ದು ಮದುವೆಗೆ. ಮದುವೆ ಅವಳ ಅತ್ತೆಯದು, ಅಂದರೆ ಅಪ್ಪನ ತಂಗಿಯದು. ಅತ್ತೆ ಗಡಿಯಾಚೆಯ ದೇಶದ ಆಸ್ಪತ್ರೆಯಲ್ಲಿ ನರ್ಸ್. ಮದುವೆಯೂ ಅಲ್ಲೇ, ನಾಳೆ ಬೆಳಿಗ್ಗೆ. ಮನೆಮಂದಿಯನ್ನೆಲ್ಲ ಅಲ್ಲಿಗೆ ಸಾಗಿಸುವ ಭಾರ ದೊಡ್ಡಪ್ಪನ ಹೆಗಲ ಮೇಲೆ ಬಿದ್ದಿತ್ತು. ಈ ಕಡೆಯ ಬಸ್ಸು ಗೇಟಿನವರೆಗೆ ಮಾತ್ರ. ಆ ಕಡೆ ಬೀಗರ ಬಸ್ಸು ಕಾಯುತ್ತದೆ. ನಡುವೆ ಇರುವ ಸುಂಕದ ಕಟ್ಟೆಯನ್ನು ಎಲ್ಲರೂ ಗಂಟುಮೂಟೆ ಹೊತ್ತು ನಡೆದೇ ದಾಟಬೇಕು. ಸಂಜೆಗೆ ಗೇಟು ಮುಚ್ಚುತ್ತದೆ.

ದೊಡ್ಡಪ್ಪ ಕೊರಳಿಗೆ ಒಂದು ಪೀಪಿ ಕಟ್ಟಿಕೊಂಡಿದ್ದರು. ಎಲ್ಲರ ಬ್ಯಾಗಿಗೂ ಹಳದಿ ರಿಬ್ಬನ್ ಕಟ್ಟಿದ್ದರು, ಅಜ್ಜಿಯ ಊರುಗೋಲನ್ನೂ ಬಿಟ್ಟಿರಲಿಲ್ಲ. ಹೊರಡುವ ಮುಂಚೆ ಮನೆ ಮುಂದೆ ಎಲ್ಲರಿಗೂ ಸಾಲಿನಲ್ಲಿ ನಡೆಯುವ ಪ್ರಾಕ್ಟೀಸ್ ಬೇರೆ! ಅವರ ಕೈಗೊಂದು ಸೈನ್ಯ ಕೊಟ್ಟಿದ್ದರೆ ಭೂಮಂಡಲವನ್ನೇ ಗೆದ್ದು ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಿದ್ದರು.

"ಕೇಳಿದಷ್ಟಕ್ಕೇ ಉತ್ತರ!" ಎಂದು ಬಸ್ಸಿನಲ್ಲಿ ಪೀಪಿ ಊದಿ ಹೇಳಿದ್ದರು. "ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ ಹಾಗೆ ಅಂತ ಗಾದೆ ಇದೆ. ಅಲ್ಲಿ ಯಾರ ಕತೆನೂ ಬೇಡ. ಗೊತ್ತಾಯ್ತಾ?"

ಎಲ್ಲರೂ ತಲೆ ಆಡಿಸಿದ್ದರು. ದೊಡ್ಡಪ್ಪ ನೋಡಿದ್ದು ಮಾತ್ರ ಬುರುಡೆಯನ್ನೇ.

ಅವಳು ನಿಜವಾಗಿಯೂ ಬಾಯಿ ಮುಚ್ಚಿಕೊಂಡೇ ಇದ್ದಳು. ತುಟಿಗಳನ್ನು ಎಷ್ಟು ಬಿಗಿ ಹಿಡಿದಿದ್ದಳೆಂದರೆ ಕಿವಿಗಳು ಕೆಂಪಾಗಿದ್ದವು. ಆದರೆ ಅಧಿಕಾರಿ ಮೆಷಿನ್ನಿನ ಮರದ ಮುಚ್ಚಳ ತೆಗೆದು, "ಈ ಗುಜರಿನ ಯಾಕೆ ಹೊತ್ಕೊಂಡು ಹೋಗ್ತಿದೀರಾ?" ಎಂದುಬಿಟ್ಟರು.

ತಾತನ ಮೆಷಿನ್ನನ್ನು ಗುಜರಿ ಅನ್ನೋದೇ?

ಅಷ್ಟೇ. ನೂರೈವತ್ತು ವರ್ಷ, ರಾಜರು, ಕೋಟುಗಳು, ಎಲ್ಲ ಕಟ್ಟೆಯೊಡೆದು ಹೊರಗೆ ಬಂದವು.

"ಸರ್, ಮಗು ಅದು. ಬಾಯಿಗೆ ಬಂದದ್ದು ಏನೋ ಹೇಳ್ತು," ಎಂದು ದೊಡ್ಡಪ್ಪ ಕೈ ಮುಗಿದರು.

"ಇಲ್ಲಿ ದೊಡ್ಡವರೇ ಸುಳ್ಳು ಹೇಳೋದು, ಮಕ್ಕಳಲ್ಲ. ನಾನು ದಿನಾ ನೋಡ್ತೀನಲ್ಲ." ಅಧಿಕಾರಿ ಮೆಷಿನ್ನಿನ ಮೈಮೇಲಿನ ಹಿತ್ತಾಳೆ ಬಿಲ್ಲೆಗೆ ಬೆರಳು ಸವರಿದರು. ಅದರ ಮೇಲಿನ ಅಕ್ಷರಗಳೆಲ್ಲ ತಾತನ ಅಂಗೈ ತಗುಲಿ ತಗುಲಿ ಅಳಿಸಿಹೋಗಿದ್ದವು. "ನೋಡಿ, ಒಂದು ಅಕ್ಷರನೂ ಇಲ್ಲ. ಪರೀಕ್ಷೆ ಮಾಡೋರು ಮುಂದಿನ ವಾರ ಬರ್ತಾರೆ. ಅಲ್ಲೀವರೆಗೂ ಇಲ್ಲೇ."

"ಮುಂದಿನ ವಾರನಾ? ಮದುವೆ ನಾಳೆ, ಸರ್!"

"ಮದುವೆ ಆಗೋದು ಮೆಷಿನ್ನಾ ಅಥವಾ ಹುಡುಗಿನಾ?"

ಸಾಲಿನಲ್ಲಿ ಹಿಂದಿದ್ದ ಯಾರೋ ನಕ್ಕರು. ದೊಡ್ಡಪ್ಪ ನಗಲಿಲ್ಲ. ಪೀಪಿಯನ್ನು ಅಂಗಿಯೊಳಗೆ ಇಳಿಬಿಟ್ಟರು.

ಅಜ್ಜಿ ಬೆಂಚಿನ ಮೇಲೆ ಮರದ ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಾತ ತೀರಿಕೊಂಡಾಗ ಅತ್ತೆಗೆ ರಜೆ ಸಿಕ್ಕಿರಲಿಲ್ಲ. ಅವಳು ತಾತನ ಮುಖ ನೋಡಿದ್ದು ಫೋನಿನಲ್ಲಿ, ಅದೂ ಲೈನು ಕಟ್ ಆಗುವವರೆಗೆ. ಮದುವೆ ಗೊತ್ತಾದಾಗ ಅವಳು ಒಂದೇ ಒಂದು ಕೇಳಿದ್ದಳು. "ನನಗೆ ಬೇರೇನೂ ಬೇಡ. ಅಪ್ಪನ ಮೆಷಿನ್ ತನ್ನಿ. ಅಪ್ಪ ಕೂತ್ಕೋಬೇಕಾಗಿದ್ದ ಕುರ್ಚಿ ಮೇಲೆ ಅದನ್ನೇ ಇಡ್ತೀನಿ."

ಅಜ್ಜಿ ಮುಚ್ಚಳವನ್ನು ಸೆರಗಿನಿಂದ ಒರೆಸಿದರು. ಅದರ ಮೇಲೆ ಧೂಳೇನೂ ಇರಲಿಲ್ಲ.

"ಕೊನೆಗೂ ಅವರು ಮಗಳ ಮದುವೆಗೆ ಬರೋ ಹಾಗಾಗಲಿಲ್ಲ," ಎಂದರು. ಬೈಯಲಿಲ್ಲ. ಯಾರನ್ನೂ ನೋಡಲೂ ಇಲ್ಲ.

ಬೈದಿದ್ದರೆ ಚೆನ್ನಾಗಿರುತ್ತಿತ್ತು ಎನ್ನಿಸಿತು ಬುರುಡೆಗೆ. ಅವಳು ಮೇಜಿನ ಹತ್ತಿರ ಹೋದಳು. ಮೇಜು ಅವಳ ಗಲ್ಲದವರೆಗೆ ಬರುತ್ತಿತ್ತು.

"ಸರ್, ನಾನು ಹೇಳಿದ್ದು ಸುಳ್ಳು."

"ಯಾವುದು ಸುಳ್ಳು? ಆಗ ಹೇಳಿದ್ದಾ, ಈಗ ಹೇಳ್ತಿರೋದಾ?"

ಬುರುಡೆ ಮೆಷಿನ್ನನ್ನೇ ನೋಡಿದಳು. ಅದರ ಕೆಳಗಿದ್ದ ಪುಟ್ಟ ಡ್ರಾಯರಿನ ಹಿಡಿ ಕಂಡಿತು.

"ಇದನ್ನ ತೆಗೀಲಾ?"

ಅಧಿಕಾರಿ ಬೇಡ ಎನ್ನಲಿಲ್ಲ.

ಡ್ರಾಯರ್ ತುಂಬ ಮುರಿದ ಜಿಪ್ಪುಗಳಿದ್ದವು. ಕರಿಯವು, ನೀಲಿಯವು, ಹಲ್ಲು ಉದುರಿದವು, ರನ್ನರ್ ಕಳಚಿದವು.

"ರಾಜರ ಕೋಟಿಗೆ ಜಿಪ್ ಇರುತ್ತಾ, ಸರ್?" ಬುರುಡೆಯ ದನಿ ತೀರಾ ಸಣ್ಣಗಿತ್ತು. "ನಮ್ಮ ತಾತ ಕೋಟು ಹೊಲೀತಿರ್ಲಿಲ್ಲ. ಬಟ್ಟೆ ಅಂಗಡಿ ಮೆಟ್ಟಿಲ ಕೆಳಗೆ ಕೂತು ಕಿತ್ತುಹೋದ ಜಿಪ್ ಹಾಕಿಕೊಡ್ತಿದ್ರು. ಹರಿದ ಬ್ಯಾಗ್ ಹೊಲೀತಿದ್ರು. ಅಷ್ಟೇ."

ಅವಳು ಒಂದೊಂದೇ ಎತ್ತಿ ಮೇಜಿನ ಮೇಲಿಟ್ಟಳು.

"ಇದು ಪೋಸ್ಟ್‌ಮ್ಯಾನ್ ಚೀಲದ್ದು. ಇದು ಯಾರದೋ ಜರ್ಕಿನ್‌ದು. ಇದು ನಂದು, ಮೂರನೇ ಕ್ಲಾಸಿನ ಸ್ಕೂಲ್ ಬ್ಯಾಗಿಂದು. ನಾನೇ ಎಳೆದು ಕಿತ್ತಿದ್ದು. ತಾತ ಒಂದನ್ನೂ ಎಸೀತಿರ್ಲಿಲ್ಲ, ಇನ್ನೊಬ್ರಿಗೆ ಆಗುತ್ತೆ ಅಂತ."

ಕ್ಲಾಸಿನಲ್ಲಿ ಅವಳು ತಾತನನ್ನು ರಾಜರ ದರ್ಜಿಯೆಂದೇ ಹೇಳಿಕೊಂಡು ಬಂದಿದ್ದಳು. ಈಗ ಆ ರಾಜರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋಗಿಬಿಟ್ಟರು. ಮೆಟ್ಟಿಲ ಕೆಳಗೆ ತಾತ ಒಬ್ಬರೇ ಉಳಿದರು, ಬಾಯಲ್ಲಿ ದಾರದ ತುದಿ ಕಚ್ಚಿಕೊಂಡು.

"ಸರಿ, ಹಾಗಾದ್ರೆ ಇದಕ್ಕೆ ಎಷ್ಟು ವರ್ಷ?"

"ನಮ್ಮತ್ತೆಯಷ್ಟೇ ವಯಸ್ಸು. ಅವರು ಹುಟ್ಟಿದ ವರ್ಷ ತಂದಿದ್ದು." ತಟ್ಟನೆ ಅವಳಿಗೇನೋ ನೆನಪಾಯಿತು. "ಸರ್, ಅದರ ಹೊಟ್ಟೆ ನೋಡಿ! ತಾತ ಎಣ್ಣೆ ಬಿಡುವಾಗ ಹಿಂದಕ್ಕೆ ಮಲಗಿಸ್ತಿದ್ರು, ನಾನು ಹಿಡ್ಕೊಳ್ತಿದ್ದೆ. ಕೆಳಗೆ ಕಬ್ಬಿಣದಲ್ಲಿ ಅಂಕಿಗಳಿವೆ. 'ನೋಡು, ಇದು ನಿಮ್ಮತ್ತೆ ಹುಟ್ಟಿದ ವರ್ಷ' ಅಂತಿದ್ರು."

ಅಧಿಕಾರಿ ಅಂಗಿಯ ತೋಳು ಮಡಚಿದರು. ಮೆಷಿನ್ನನ್ನು ಹಿಂದಕ್ಕೆ ಮಲಗಿಸಿದರು. ಬುರುಡೆ ಕೇಳದೆಯೇ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು, ಯಾವಾಗಲೂ ಹಿಡಿಯುತ್ತಿದ್ದ ಹಾಗೆ. ಎಣ್ಣೆ, ದಾರ, ಧೂಳು ಕೂಡಿ ಮೆತ್ತಿದ್ದ ಕಿಟ್ಟವನ್ನು ಅವರು ಚಿಂದಿಯಿಂದ ತಿಕ್ಕಿದರು. ಟಾರ್ಚು ಬಿಟ್ಟರು. ತುಟಿ ಅಲುಗಿಸಿ ಓದಿಕೊಂಡರು.

"ಮದುಮಗಳು ಹುಟ್ಟಿದ್ದು ಯಾವ ವರ್ಷ?" ಎಂದು ತಲೆ ಎತ್ತದೆ ಕೇಳಿದರು.

ಬೆಂಚಿನ ಮೇಲಿಂದ ಅಜ್ಜಿ ಹೇಳಿದರು.

ಅಧಿಕಾರಿ ಮೆಷಿನ್ನನ್ನು ನೆಟ್ಟಗೆ ನಿಲ್ಲಿಸಿದರು. ಚೆಲ್ಲಿದ್ದ ಜಿಪ್ಪುಗಳನ್ನು ತಾವೇ ಬಳಿದು ಡ್ರಾಯರಿಗೆ ತುಂಬಿದರು.

"ಇದನ್ನ ಮೊದಲೇ ಹೇಳೋದಕ್ಕೇನಾಗಿತ್ತು ನಿಂಗೆ?"

"ನೀವು ಗುಜರಿ ಅಂದ್ರಿ, ಸರ್."

ಮೀಸೆ ಅಲುಗಲಿಲ್ಲ. ಅವರು ಕೈ ಒರೆಸಿಕೊಂಡರು. ಬೆಂಚಿನವರೆಗೂ ನಡೆದುಹೋಗಿ, ಅಜ್ಜಿಯ ತೊಡೆಯ ಮೇಲಿದ್ದ ಮುಚ್ಚಳಕ್ಕೆ ಬಾಗಿದರು. ಜೇಬಿನಿಂದ ಸೀಮೆಸುಣ್ಣ ತೆಗೆದು, ಬೇರೆ ಬ್ಯಾಗುಗಳ ಮೇಲೆ ಗೀಚಿದಂತೆ ಗೀಚದೆ, ನಿಧಾನವಾಗಿ 'ಸರಿ' ಗುರುತು ಹಾಕಿದರು.

"ಹೋಗಿಬನ್ನಿ, ಅಮ್ಮ. ಗೇಟು ಮುಚ್ಚೋ ಹೊತ್ತಾಯ್ತು."

ದೊಡ್ಡಪ್ಪ ಪೀಪಿ ಊದಿದರು. ಸದ್ದು ಸರಿಯಾಗಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಮದುವೆ ಹಾಲಿನ ಮೊದಲ ಸಾಲಿನಲ್ಲಿ, ಅಜ್ಜಿಯ ಪಕ್ಕದ ಕುರ್ಚಿಯ ಮೇಲೆ ಮೆಷಿನ್ ಕೂತಿತ್ತು, ಅದರ ಮುಚ್ಚಳ ಕುರ್ಚಿಯ ಕಾಲಿಗೆ ಒರಗಿತ್ತು. ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ನೇರ ಅಲ್ಲಿಗೇ ಬಂದಳು. ಕೈ ಚಕ್ರವನ್ನು ಒಂದು ಸುತ್ತು ತಿರುಗಿಸಿದಳು. ಟಕಟಕ ಎಂದಿತು. ಡ್ರಾಯರ್ ಎಳೆದು ನೋಡಿದಳು.

"ನೋಡಮ್ಮ, ಅಪ್ಪ ಒಂದೂ ಎಸೆದಿಲ್ಲ," ಎಂದಳು. ಮುಖ ಆಚೆ ತಿರುಗಿಸಿದಳು. ಅಜ್ಜಿ ಅವಳ ಬೆನ್ನು ಸವರಿದರು.

ಅತ್ತೆ ಹೋದ ಮೇಲೆ ಬೀಗರ ಕಡೆಯ ಒಬ್ಬ ಹುಡುಗಿ ಬುರುಡೆಯ ಹತ್ತಿರ ಬಂದಳು. ಬುರುಡೆಯಷ್ಟೇ ಎತ್ತರ. ಹೊಳೆಯುವ ಶೂಸು.

"ಕುರ್ಚಿ ಮೇಲೆ ಯಾಕೆ ಮೆಷಿನ್ ಇಟ್ಟಿದೀರಾ? ಯಾರದದು?"

ಹಿಂದಿನ ಸಾಲಿನಲ್ಲಿದ್ದ ದೊಡ್ಡಪ್ಪನ ಕೈ ತಾನಾಗಿ ಪೀಪಿಗೆ ಹೋಯಿತು. ಬುರುಡೆ ಬಾಯಿ ತೆರೆದಳು. ರಾಜರೆಲ್ಲ ಹಿಂತಿರುಗಿ ಓಡೋಡಿ ಬಂದು ಅವಳ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತರು. ಆನೆ, ಕುದುರೆ, ಚಿನ್ನದ ಗುಂಡಿಯ ಕೋಟು, ಎಲ್ಲವೂ ಬಂದಿದ್ದವು.

"ನಮ್ಮ ತಾತಂದು," ಎಂದಳು ಬುರುಡೆ. "ಕಿತ್ತುಹೋದ ಜಿಪ್ ಸರಿಮಾಡಿ ಕೊಡ್ತಿದ್ರು."

"ಯಾರದಾದ್ರೂ?"

"ಹೂಂ. ಯಾರದಾದ್ರೂ."

ಆ ಹುಡುಗಿ ಕುರ್ಚಿಯನ್ನೇ ನೋಡುತ್ತ ಅಲ್ಲೇ ನಿಂತಳು. ಅಷ್ಟರಲ್ಲಿ ಹಾಲಿನ ಕೆಲಸದವರೊಬ್ಬರು ಕೈಯಲ್ಲಿ ಬಟ್ಟೆ ಹಿಡಿದು ಬಂದರು. "ಮುಚ್ಚಳದ ಮೇಲೆ ಏನೋ ಸುಣ್ಣ ಹತ್ತಿದೆ. ಒರೆಸಿಬಿಡ್ಲಾ?"

"ಬೇಡ," ಎಂದಳು ಬುರುಡೆ. "ಅದು ಇರಲಿ."

ಅವಳು ಅಜ್ಜಿಯ ಕಾಲಬುಡದಲ್ಲಿ ಕೂತು ಕುರ್ಚಿಯತ್ತ ತಲೆ ಎತ್ತಿ ನೋಡಿದಳು. ಮೆಟ್ಟಿಲ ಕೆಳಗಿನ ತಾತನ ಬಗ್ಗೆ ಅವಳು ಒಂದಿಷ್ಟೂ ಸೇರಿಸಿ ಹೇಳಿರಲಿಲ್ಲ. ಆದರೂ ಕುರ್ಚಿಯ ಮೇಲೆ ಜಾಗ ಒಂಚೂರೂ ಖಾಲಿ ಉಳಿದಂತೆ ಕಾಣಲಿಲ್ಲ.