ನಾಲ್ಕನೇ ಕಂಪ್ಯೂಟರಿನೊಳಗಿನ ದಾರಿ

ಮಡಗಾಂವ್ ರೈಲ್ವೆ ಸ್ಟೇಷನ್ನಿನಿಂದ ಲಂಡನ್ನಿನವರೆಗೆ ಒಂಟಿ ಕಾಲಿನಲ್ಲಿ ಕುಂಟುತ್ತ ಹೋಗಿ, ಬಸಿಯಲ್ಲಿ ಹಾಕಿಟ್ಟ ಚಹಾ ಆರುವುದರೊಳಗೆ ವಾಪಸು ಬಂದವನು ನಾನು. ದಾರಿಯಲ್ಲಿ ಎರಡು ಸಮುದ್ರ ಅಡ್ಡ ಬಂದವು. ಹಾರಿದೆ.

ನಂಬುವುದಿಲ್ಲವೇ? ಬೇಡ ಬಿಡಿ. ಆದರೆ ಈಗ ಹೇಳಹೊರಟಿರುವ ಕಥೆಯಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇದ್ದರೆ ನನ್ನ ನಾಲಿಗೆಯಷ್ಟೇ ಏಕೆ, ಇಡೀ ಗೋವೆಯ ನಾಲಿಗೆಯೇ ಬಿದ್ದುಹೋಗಲಿ!

ಅದು 2009ರ ಜುಲೈ. ಮಡಗಾಂವ್ ಮಾರ್ಕೆಟ್ಟಿನ ಹಿಂದೆ ಆರು ಕಂಪ್ಯೂಟರಿನ ಒಂದು ಸೈಬರ್ ಕೆಫೆ. ಅದರ ಕೌಂಟರಿನಲ್ಲಿ ಹುಲಿಗೆಪ್ಪ ಕೂರುತ್ತಿದ್ದ. ಕಾರವಾರದಿಂದ ಮುಂಬೈವರೆಗೆ ಅಷ್ಟು ಚೆಲುವ ಇನ್ನೊಬ್ಬನಿರಲಿಲ್ಲ. ಅವನು ಕೀಬೋರ್ಡ್ ಮುಟ್ಟಿದರೆ ಸಾಕು, ಆಟದೊಳಗಿನ ರಾಕ್ಷಸರು ತಾವಾಗಿಯೇ ಶರಣಾಗುತ್ತಿದ್ದರು.

ಆ ಸಂಜೆ ಐದೂವರೆಗೆ ಸುಮೇಧಾ ಒಳಗೆ ಬಂದಳು.

ಅವಳು ಹೊಸ್ತಿಲು ದಾಟಿದ ಕ್ಷಣವೇ ಆರೂ ಕಂಪ್ಯೂಟರುಗಳು ಒಮ್ಮೆಲೇ ನಿಂತುಹೋದವು. ಅವಳ ಕಣ್ಣಲ್ಲಿ ಮಾಂಡೋವಿ, ಝುವಾರಿ ಹೊಳೆಗಳೆರಡೂ ಒಟ್ಟಿಗೆ ತುಂಬಿ ನಿಂತಿದ್ದವು. ಇನ್ನೊಂದು ಹನಿ ಬಿದ್ದಿದ್ದರೆ ಇಡೀ ಮಾರ್ಕೆಟ್ಟೇ ತೇಲಿಹೋಗುತ್ತಿತ್ತು.

ನಾಲ್ಕನೇ ಕಂಪ್ಯೂಟರ್ ಯಾವುದು ಎಂದು ಅವಳು ಕೇಳಿದಳು. ಆಮೇಲೆ ಮೆಲ್ಲಗೆ ವಿಷಯ ಹೇಳಿದಳು. ಅವಳ ಅಣ್ಣ ಪವಮಾನ ಕುಂಡಯಿಯ ಕಾರ್ಖಾನೆಯಲ್ಲಿ ಎಂಜಿನಿಯರ್. ಪ್ರತಿ ಶನಿವಾರ ಕೆಲಸ ಮುಗಿಸಿ ಇಲ್ಲಿಗೆ ಬಂದು, ನಾಲ್ಕನೆಯದರ ಮುಂದೆ ಕೂತು ಒಂದೇ ಒಂದು ಆಟ ಆಡುತ್ತಿದ್ದ. ಹಿಂದಿನ ವರ್ಷ ಆಗಸ್ಟಿನಲ್ಲಿ ಬೋರಿ ಸೇತುವೆಯ ಹತ್ತಿರ ಅವನ ಬೈಕು ಜಾರಿತು. ಅವನು ಮನೆ ತಲುಪಲಿಲ್ಲ...

"ಅಂವನ ಆಟ ಇನ್ನೂ ಅದ ಏನ್ರಿ?"

ಹುಲಿಗೆಪ್ಪ ಅವಳ ತುಂಬಿದ ಕಣ್ಣು ನೋಡಿ, ಇದೆ ಎಂದ. ಆಮೇಲೆ ನಾಲ್ಕನೆಯದನ್ನು ಚಾಲೂ ಮಾಡಿ ಆಟ ತೆರೆದ.

ಪರದೆಯ ಮೇಲೆ ಒಬ್ಬ ಪಯಣಿಗ. ಕಂದು ಬಣ್ಣದ ನಿಲುವಂಗಿ. ಮೈಲಿಗಲ್ಲಿನ ಪಕ್ಕ ನಮಗೆ ಬೆನ್ನು ತಿರುಗಿಸಿ ನಿಂತಿದ್ದಾನೆ. ಸುತ್ತ ಯಾರೂ ಇಲ್ಲ. ಗಾಳಿಗೆ ಅವನ ಬಟ್ಟೆಯ ಅಂಚು ಮಾತ್ರ ಅಲ್ಲಾಡುತ್ತಿದೆ.

ಸುಮೇಧಾ ಪರದೆಯತ್ತ ಬಾಗಿದಳು. 'ಹೀಗೇ ನಿಲ್ಲುತ್ತಿದ್ದ... ಗೇಟಿನ ಹತ್ತಿರ, ಅಪ್ಪನ ಮೇಲೆ ಸಿಟ್ಟು ಬಂದಾಗ... ಥೇಟ್ ಹೀಗೇ!'

ಆ ಆಟದಲ್ಲಿ ಗುಡ್ಡ, ಹೊಳೆ, ಊರು, ಕಾಡು ಎಲ್ಲ ಇದ್ದ ದೊಡ್ಡದೊಂದು ಸೀಮೆ ಇತ್ತು. ಯಾವ ದಿಕ್ಕಿಗಾದರೂ ನಡೆಯಬಹುದು. ಒಮ್ಮೆ ಕಂಡ ಊರು ನಕಾಶೆಯ ಮೇಲೆ ಚುಕ್ಕೆಯಾಗಿ ಉಳಿಯುತ್ತದೆ. ಮುಂದಿನ ಸಲ ಆ ಚುಕ್ಕೆಯನ್ನು ಒತ್ತಿದರೆ ಪರದೆ ಕಪ್ಪಾಗಿ, ತೆರೆಯುವಷ್ಟರಲ್ಲಿ ನೀವು ಅಲ್ಲಿರುತ್ತೀರಿ. ಇದಕ್ಕೆ ಫಾಸ್ಟ್ ಟ್ರಾವೆಲ್ ಎನ್ನುತ್ತಿದ್ದರು.

ಹುಲಿಗೆಪ್ಪ ನಕಾಶೆ ತೆರೆದು ರಾಜಧಾನಿಯ ಚುಕ್ಕೆಯ ಮೇಲೆ ಮೌಸ್ ತಂದ. ಇಲ್ಲಿ ಒಂದು ಸಲ ಒತ್ತಿದರೆ ಅರಮನೆ, ಆನೆ, ದೀಪದ ಸಾಲು ಎಲ್ಲ ಕಾಣುತ್ತದೆ ಎಂದ. ಅವನ ಬೆರಳು ಇಳಿಯುವ ಮೊದಲೇ ಸುಮೇಧಾ ಅವನ ಮುಂಗೈ ಹಿಡಿದುಬಿಟ್ಟಳು.

"ಒತ್ತಬ್ಯಾಡ್ರಿ. ಅಂವ ಎಲ್ಲೆಲ್ಲಿ ಅಡ್ಡಾಡ್ಯಾನೋ ಅಲ್ಲೆಲ್ಲ ನಾ ನಡದ ಹೋಗಬೇಕು."

ಅವಳ ಕೈ ತಣ್ಣಗಿತ್ತು. ಅವನ ಎದೆ ಬಡಿದ ಸದ್ದು ವಾಸ್ಕೋ ಬಂದರಿನ ಹಡಗುಗಳಿಗೂ ಕೇಳಿಸಿತು.

ಅಂದಿನಿಂದ ಅವಳು ಆಫೀಸು ಬಿಟ್ಟೊಡನೆ ದಿನವೂ ಬರತೊಡಗಿದಳು. ಒಂದು ಗಂಟೆ ನಡೆಯುವುದು, ಮೈಲಿಗಲ್ಲಿನ ಹತ್ತಿರ ನಿಲ್ಲಿಸಿ ಏಳುವುದು. ಅಷ್ಟೇ.

ಹುಲಿಗೆಪ್ಪನಿಗೆ ಇದು ಸೇರಲಿಲ್ಲ. ಫಾಸ್ಟ್ ಟ್ರಾವೆಲ್ ಎಂಬುದು ದುಡಿಯುವವರ ಮೇಲಿನ ಕರುಣೆ ಎಂದು ಅವನು ವಾದಿಸಿದ. ದಿನವಿಡೀ ನಿಂತು ದುಡಿದವನಿಗೆ ಸಿಗುವುದೇ ಒಂದು ಗಂಟೆ, ಅದರಲ್ಲೂ ನಡೆಸಬೇಕೆ? ತನ್ನ ತಾಯಿ ಲಕ್ಷ್ಮವ್ವ ಬಂದರಿನಲ್ಲಿ ಹೊರೆ ಹೊತ್ತು ಜೀವಮಾನವೆಲ್ಲ ನಡೆದಳು, ನಡೆದದ್ದರಿಂದ ಅವಳಿಗೆ ಮೊಣಕಾಲು ನೋವು ಬಿಟ್ಟರೆ ಏನೂ ಸಿಗಲಿಲ್ಲ ಎಂದ.

ಸುಮೇಧಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನಿಮ್ಮ ಆ ಒತ್ತೋ ನಕಾಶಾ ನಮ್ಮ ಗೋವಾದ್ದು ಇದ್ರ, ಅದರಾಗ ಕುಂಡಯಿ ಇರತದ, ಮಡಗಾಂವ್ ಇರತದ. ನಮ್ಮಣ್ಣ ಅವೆರಡರ ನಡುವ ಇದ್ದಾನ್ರಿ."

ಹುಲಿಗೆಪ್ಪ ಎದ್ದು ಹೋಗಿ ಫ್ಯಾನು ಜೋರು ಮಾಡಿದ. ಫ್ಯಾನು ಆಗಲೇ ಜೋರಾಗಿತ್ತು.

ಆರನೆಯ ದಿನ ಅವಳಿಗೆ ಮೊದಲ ಬೂದಿ ಸಿಕ್ಕಿತು.

ಆ ಆಟದಲ್ಲಿ ಪಯಣಿಗ ದಾರಿಯಲ್ಲಿ ತಂಗಿ ಬೆಂಕಿ ಹಾಕಿದರೆ ಅದರ ಬೂದಿ ಹಾಗೇ ಉಳಿಯುತ್ತದೆ. ಹೊಳೆಯ ದಂಡೆಯಲ್ಲಿ, ಬಿದ್ದ ಮರವೊಂದರ ಮರೆಯಲ್ಲಿ ಬೂದಿಯಿತ್ತು. ಪಕ್ಕದಲ್ಲಿ ಒಂದು ತುಂಡು ರೊಟ್ಟಿ. ಯಾರೋ ತಿನ್ನುವ ಮೊದಲು ತೆಗೆದಿಟ್ಟ ಹಾಗೆ.

ಮುಂದಿನ ತಿರುವಿನಲ್ಲಿ ಇನ್ನೊಂದು ಬೂದಿ. ಮತ್ತೆ ಒಂದು ತುಂಡು ರೊಟ್ಟಿ.

ಸುಮೇಧಾ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. ಊಟದ ಮೊದಲು ಎಲೆಯ ಪಕ್ಕ ತುತ್ತು ಇಡುವ ಚಿತ್ರಾಹುತಿಯ ವಿಷಯಕ್ಕೇ ಪವಮಾನನಿಗೂ ಅಪ್ಪ ಆನಂದತೀರ್ಥರಿಗೂ ಆ ಕೊನೆಯ ಬೆಳಿಗ್ಗೆ ಜಗಳವಾಗಿತ್ತು. ಅವನು ಇಡಲಿಲ್ಲ. ಅಪ್ಪ ಕೂಗಿದರು. ಅವನು ಅರ್ಧ ಊಟಕ್ಕೇ ಎದ್ದು ಹೋದ. ಅಂದಿನಿಂದ ಆನಂದತೀರ್ಥರು ಸಂಜೆಯಾದರೆ ಗೇಟಿಗೆ ಮುಖ ಮಾಡಿ ಕೂರುತ್ತಿದ್ದರು. ರಸ್ತೆಯಲ್ಲಿ ಯಾವ ಬೈಕು ಬಂದರೂ ಅವರ ಕತ್ತು ಎತ್ತರವಾಗುತ್ತಿತ್ತು. ಅದು ದಾಟಿ ಹೋದ ಮೇಲೆ ಇಳಿಯುತ್ತಿತ್ತು.

'ಅಣ್ಣ ಒಳಗೊಳಗೇ ಅಪ್ಪನ ಮಾತು ನಡೆಸುತ್ತಿದ್ದನೇ? ಯಾರೂ ಇಲ್ಲದ ಕಡೆ?'

ಅಂದು ರಾತ್ರಿ ಊಟ ಬಡಿಸುತ್ತ ಅವಳು ಇದನ್ನು ಅಪ್ಪನಿಗೆ ಹೇಳಿದಳು. ಅವರು ಅನ್ನ ಕಲೆಸುತ್ತಿದ್ದ ಕೈ ನಿಲ್ಲಿಸಿ ಕೇಳಿದರು. ಆಮೇಲೆ, ವರ್ಷದಲ್ಲಿ ಮೊದಲ ಸಲ, ಇನ್ನೊಂದಿಷ್ಟು ಅನ್ನ ಹಾಕು ಎಂದರು.

ಅಲ್ಲಿಂದ ಮುಂದೆ ಅವಳು ನಡೆಯುತ್ತಿರಲಿಲ್ಲ, ಯಾರನ್ನೋ ಹಿಂಬಾಲಿಸುತ್ತಿದ್ದಳು. ಕಣಿವೆಯಲ್ಲಿ ಬೂದಿ. ಪಾಳುಗೋಡೆಯ ಹಿಂದೆ ಬೂದಿ. ಆ ಮನುಷ್ಯ ಈಗಷ್ಟೇ ಎದ್ದು ಹೋಗಿದ್ದಾನೆ, ಮುಂದಿನ ತಿರುವಿನಲ್ಲಿ ಸಿಕ್ಕೇ ಬಿಡುತ್ತಾನೆ ಎಂದು ಅವಳಿಗೆ ಅನಿಸುತ್ತಿತ್ತು. ತಿರುವಿನಲ್ಲಿ ಗಾಳಿ ಮಾತ್ರ ಇರುತ್ತಿತ್ತು. ಒಮ್ಮೊಮ್ಮೆ ಅವಳು ತಟ್ಟನೆ ಹಿಂತಿರುಗಿ ನೋಡುತ್ತಿದ್ದಳು. ಹಿಂದೆ ಕೌಂಟರಿನಲ್ಲಿ ಹುಲಿಗೆಪ್ಪ ಇರುತ್ತಿದ್ದ, ಅಷ್ಟೇ.

ಬೂದಿಗಳೆಲ್ಲ ದಕ್ಷಿಣಕ್ಕೆ, ಸಮುದ್ರದ ಕಡೆಗೆ ಸಾಗುತ್ತಿದ್ದವು. ನಕಾಶೆಯಲ್ಲಿ ಅಲ್ಲಿ ಹೆಸರಿಲ್ಲದ ಒಂದು ಚುಕ್ಕೆಯಿತ್ತು. ಒತ್ತಿದ್ದರೆ ಮೊದಲ ದಿನವೇ ತಲುಪಬಹುದಿತ್ತು. ಅವಳು ಇಪ್ಪತ್ತಾರು ದಿನ ನಡೆದಳು.

ಕೊನೆಗೆ ಮರಳ ದಂಡೆ ಬಂತು. ಅಲ್ಲೊಂದು ಪುಟ್ಟ ಗುಡಿಸಲು. ಪಯಣಿಗ ತಾನೇ ಕಟ್ಟಿದ್ದು. ಮುಂದೆ ಮೀನು ಒಣಹಾಕುವ ಹಗ್ಗ, ಕವುಚಿಟ್ಟ ಒಂದು ಕೊಡ, ಒರಗಿ ಕೂರಲು ಒಂದು ಹಲಗೆ.

ಆ ಕ್ಷಣ ಆಕಾಶದಲ್ಲಿ ಮಿಂಚು ಹೊಡೆಯಿತು! ಪವಮಾನನ ಆತ್ಮ ಪರದೆಯಿಂದ ಕೈ ಚಾಚಿ, ಸುಮೇಧಾಳ ಕೈಯನ್ನು ಹುಲಿಗೆಪ್ಪನ ಕೈಯಲ್ಲಿಟ್ಟು, ಸುಖವಾಗಿರಿ ಎಂದು ಹರಸಿತು. ಮಡಗಾಂವಿನ ಚರ್ಚು, ಗುಡಿಗಳ ಗಂಟೆಗಳೆಲ್ಲ ಒಟ್ಟಿಗೆ...

"ಏನ್ರಿ ಇದು?"

ಈಗ, ನಮ್ಮ ಮನೆಯಲ್ಲಿ, ಬರೆಯುತ್ತ ಕೂತ ನನ್ನ ಹೆಗಲ ಹಿಂದೆ ಸುಮೇಧಾ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ಓದುತ್ತಿದ್ದಳೋ.

"ಕಥಿ," ಎಂದೆ.

"ಖರೇ ಬರೀರಿ. ನಮ್ಮಣ್ಣನ ಹೆಸರು ಹಾಕೀರಿ, ಇದರಾಗರೆ ಖರೇ ಬರೀರಿ."

ಸಿಕ್ಕಿಬಿದ್ದೆ. ಹೌದು, ಹುಲಿಗೆಪ್ಪ ನಾನೇ. ನನ್ನಷ್ಟು ಚೆಲುವರು ನಮ್ಮ ಓಣಿಯಲ್ಲೇ ಹನ್ನೆರಡು ಜನರಿದ್ದರು.

ಖರೇ ಇಷ್ಟು. ಆ ಗುಡಿಸಲ ಮುಂದೆ ಸುಮೇಧಾ ಕೀಬೋರ್ಡಿನಿಂದ ಕೈ ತೆಗೆದಳು. ಮಿಂಚು ಹೊಡೆಯಲಿಲ್ಲ. ಅವಳು ನನ್ನ ಕಡೆ ತಿರುಗಿ, ಹಿಂದಿನ ಶನಿವಾರ ಮಧ್ಯಾಹ್ನ ತಾನು ಬೇಗ ಬಂದಿದ್ದಾಗ ನಾನು ಡಬ್ಬಿ ತೆರೆದು, ಒಂದು ತುಂಡು ರೊಟ್ಟಿ ಮುರಿದು ಪಕ್ಕಕ್ಕಿಟ್ಟು ಊಟ ಶುರು ಮಾಡಿದ್ದನ್ನು ನೋಡಿದ್ದಾಗಿ ಹೇಳಿದಳು. ಅಂದಿನಿಂದ ಅನುಮಾನ, ಇಂದು ಖಾತ್ರಿ.

"ನಮ್ಮಣ್ಣಗ ಸಮುದ್ರ ಅಂದ್ರ ಅಂಜಿಕಿ. ಅಂವ ಇಂಥಾ ಮನಿ ಕಟ್ಟಾಂವಲ್ಲ. ಇದು ಯಾರ ಮನೀರಿ?"

"ನಮ್ಮದ್ರಿ," ಎಂದೆ. "ವಾಸ್ಕೋ ಸಮುದ್ರದಂಡಿ ಬಾಯ್ನಾದಾಗ ಇತ್ತು."

ಪವಮಾನನ ಆಟ ಇರಲೇ ಇಲ್ಲ. ಅವಳು ಬರುವ ನಾಲ್ಕು ತಿಂಗಳ ಮೊದಲು ನಾಲ್ಕನೆಯದಕ್ಕೆ ವೈರಸ್ ಹತ್ತಿತ್ತು. ನಾನೇ ನನ್ನ ಕೈಯಾರೆ ಎಲ್ಲ ಅಳಿಸಿ ಹೊಸದಾಗಿ ಹಾಕಿದ್ದೆ. ಅಳಿಸುವಾಗ ಅದರಲ್ಲಿ ಯಾರ ಯಾರ ದಾರಿಗಳಿದ್ದವು ಎಂದು ನೋಡಲೂ ಇಲ್ಲ. ಅವಳು ನಡೆದದ್ದೆಲ್ಲ ನನ್ನ ದಾರಿ, ನನ್ನ ಬೂದಿ. ತುತ್ತು ನನ್ನ ಅವ್ವ ಕೆಲಸದ ಜಾಗದಲ್ಲಿ ಮೂರು ಕಲ್ಲಿನ ಒಲೆಯ ಪಕ್ಕ ಇಡುತ್ತಿದ್ದದ್ದು. ಯಾರಿಗೆ ಎಂದು ಕೇಳಿದರೆ, ನಮಗಿಂತ ಹಸಿದವರಿಗೆ ಎನ್ನುತ್ತಿದ್ದಳು. ರೂಢಿ. ಆಟದಲ್ಲೂ ಕೈ ತಾನಾಗಿ ಇಡುತ್ತಿತ್ತು.

ಊರಿಗೆಲ್ಲ ಒತ್ತಿ ಹೋಗಿರಿ ಎಂದು ಉಪದೇಶ ಮಾಡುತ್ತಿದ್ದ ನಾನು ಒಂದು ದಿನವೂ ಒತ್ತಲಿಲ್ಲ. 2004ರಲ್ಲಿ ಬುಲ್‌ಡೋಜರ್ ಬಂದು ನಮ್ಮ ಸಾಲಿನ ಮನೆಗಳನ್ನೆಲ್ಲ ಮರಳಿಗೆ ಸೇರಿಸಿತು. ಎರಡು ವರ್ಷಕ್ಕೆ ಅವ್ವನೂ ಹೋದಳು. ಇದ್ದ ಊರಿಗೆ ಒತ್ತಿ ಹೋಗಬಹುದು. ಇಲ್ಲದ ಊರಿಗೆ ನಡೆದೇ ಹೋಗಬೇಕು... ನಡೆಯುತ್ತಿರುವಷ್ಟು ಹೊತ್ತು ಅದು ಮುಂದೆಲ್ಲೋ ಇದೆ ಅನಿಸುತ್ತದೆ.

ಇದನ್ನೆಲ್ಲ ನಾನು ಇಷ್ಟು ಚೆನ್ನಾಗಿ ಹೇಳಲಿಲ್ಲ. ತೊದಲಿದೆ. ಅವಳು ಕೇಳಿದಳು, ಎದ್ದಳು.

"ನನಗ ಹೇಳಿದ್ದು ಇರಲಿ. ನಮ್ಮ ಅಪ್ಪ ನಿಮ್ಮ ಸುಳ್ಳಿನ ಮ್ಯಾಲ ಉಣ್ಣಾಕತ್ತಾರ್ರಿ."

ಹನ್ನೊಂದು ದಿನ ಅವಳು ಬರಲಿಲ್ಲ. ನಾಲ್ಕನೆಯದರ ಕುರ್ಚಿಯಲ್ಲಿ ಯಾರನ್ನೂ ಕೂರಿಸಲು ನನಗೆ ಮನಸ್ಸಾಗಲಿಲ್ಲ. ಪರದೆ ಆರಿಸಿದ್ದರೂ ಅದರೊಳಗೆ ಯಾರೋ ಬೆನ್ನು ತಿರುಗಿಸಿ ನಿಂತ ಹಾಗೆ ಕಾಣುತ್ತಿತ್ತು. ಈ ಸಲ ಅದು ಪವಮಾನನೇ ಎಂದು ನನಗೆ ಗೊತ್ತಿತ್ತು. ನಾನು ಅಳಿಸಿದ ಪವಮಾನ.

ಹನ್ನೆರಡನೆಯ ದಿನ ಅವಳ ಮನೆಗೆ ಹೋದೆ. ಆನಂದತೀರ್ಥರು ಗೇಟಿಗೆ ಮುಖ ಮಾಡಿ ಕೂತಿದ್ದರು. ಬಾಗಿಲಲ್ಲಿ ಸುಮೇಧಾ ನಿಂತಿದ್ದಳು, ಅವಳಿನ್ನೂ ಅವರಿಗೆ ಹೇಳಿರಲಿಲ್ಲ. ನಾನು ಮೆಟ್ಟಿಲ ಕೆಳಗೇ ನಿಂತು ಎಲ್ಲ ಹೇಳಿದೆ. ಅಳಿಸಿದ್ದು, ಸುಳ್ಳು ಹೇಳಿದ್ದು, ತುತ್ತು ನನ್ನದು ಎಂಬುದು.

ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು.

"ಒಂದ ತುತ್ತು ಅಂತ ಅಕಿ ಹೇಳಿದಾಗನ ನನಗ ತಿಳೀತು. ಚಿತ್ರಾಹುತಿ ಒಂದ ತುತ್ತು ಇಡೂದಲ್ಲಪಾ, ನಾಕೈದು ಸಾಲಾಗಿ ಇಡಬೇಕು. ಸಿಟ್ಟಿನ್ಯಾಗರೆ ಇರಲಿ, ನನ್ನ ಮಗಗ ಅಷ್ಟು ಗೊತ್ತಿತ್ತು."

"ಗೊತ್ತಿದ್ದೂ ಸುಮ್ಮನಿದ್ರ್ಯಾ?" ಸುಮೇಧಾ ಬಾಗಿಲು ಬಿಟ್ಟು ಮುಂದೆ ಬಂದಳು.

"ವರ್ಷ ಆಗಿತ್ತು, ಈ ಮನ್ಯಾಗ ಯಾರೂ ಮಾತಾಡಿದ್ದಿಲ್ಲ. ನೀ ದಿನಾ ಬಂದು ದಾರಿ ಸುದ್ದಿ ಹೇಳ್ಲಿಕ್ಕೆ ಹತ್ತಿದಿ. ಯಾರೋ ಒಬ್ಬ ಅಡ್ಡಾಡಾಂವ, ಉಣ್ಣೂ ಮೊದಲ ಇನ್ನೊಬ್ಬರ ಸಲುವಾಗಿ ತುತ್ತು ಇಡತಾನ. ಯಾರ ಮಗಾ ಆದ್ರೂ ಚಲೋ ಮಗಾನ ಅಂತ ಉಂಡೆ." ಅವರು ನನ್ನ ಕಡೆ ನೋಡಿದರು. "ಮ್ಯಾಲ ಬಾ. ಊಟದ ಹೊತ್ತಾತು."

ಅಂದು ಆ ಮನೆಯಲ್ಲಿ ಉಂಡೆ. ಧೈರ್ಯದಿಂದ, ಎದೆಯುಬ್ಬಿಸಿ, ಒಂದು ಹನಿ ಕಣ್ಣೀರು ಹಾಕದೆ...

"ರೀ."

"ಅತ್ತುಬಿಟ್ಟೆ," ಎಂದು ಬರೆದೆ. "ಅನ್ನ ನುಂಗಾಕ ಆಗಲಿಲ್ಲ, ಅಷ್ಟು ಅತ್ತೆ. ಆತೇನು?"

"ಇನ್ನೂ ಒಂದು ಉಳದದ," ಎಂದಳು ಸುಮೇಧಾ. "ಮೊದಲನೇ ದಿನ ಸುಳ್ಳು ಹೇಳಿದ್ರಿ. ನಾ ಅಳ್ಳಿಕ್ಕೆ ಹತ್ತಿದ್ದೆ, ಪಾಪ ಅನಿಸಿತ್ತು, ಒಪ್ಪಿದೆ. ಎರಡನೇ ದಿನ ಯಾಕ ಹೇಳಲಿಲ್ಲ? ಇಪ್ಪತ್ತಾರು ದಿನ ಇತ್ತಲ್ರಿ."

ಇಷ್ಟು ವರ್ಷವಾದರೂ ಯಾರಿಗೂ ಹೇಳದ ಮಾತು ಅದು. ಇಲ್ಲಿ ಬೊಗಳೆ ಹೊಡೆಯಲು ಜಾಗವಿಲ್ಲ.

"ಹೇಳಿದ್ರ ನೀ ಮತ್ತ ಬರೂದಿಲ್ಲ ಅಂತ ಅಂಜಿದೆ," ಎಂದೆ. "ಮೊದಲನೇ ದಿನದ್ದು ನಿನ್ನ ದುಃಖಕ್ಕ ಹೇಳಿದ್ದು. ಎರಡನೇ ದಿನದಿಂದ ನನ್ನ ಸಲುವಾಗಿ."

ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು.

"ಹಾಂ, ಇದನ್ನ ಬರೀರಿ," ಎಂದಳು. "ನಿಧಾನ ಬರೀರಿ. ನಾ ಇಲ್ಲೇ ಇರ್ತೇನಿ."