ಕಡಲು ಮೂಕವಾದಾಗ

ಬಲು ಹಿಂದೆ, ಏಳು ಸಮುದ್ರಗಳಾಚೆ, ಅಲೆನಾಡು ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ನೆಲವೇ ಇರಲಿಲ್ಲ. ಹಡಗುಗಳೇ ಅದರ ಊರುಗಳು. ಆ ಹಡಗುಗಳು ಜೀವಂತ ಮರಗಳು. ಹಾಯಿಯ ಬದಲು ಅವಕ್ಕೆ ಮೋಡದಷ್ಟು ಅಗಲದ ಎಲೆಗಳಿದ್ದವು. ವಸಂತ ಬಂದರೆ ನಡುಗಡಲಲ್ಲೇ ಹೂಬಿಡುತ್ತಿದ್ದವು.

ಆ ಹಡಗುಗಳಲ್ಲಿ ಕಡಲ ಕಿನ್ನರರು ಬಾಳುತ್ತಿದ್ದರು. ಅವರ ಕಿವಿ ನೀಳ, ತುದಿ ಚೂಪು. ಮೀನು ಮೀನಿಗೆ ಹೇಳುವ ಗುಟ್ಟೂ ಅವರಿಗೆ ಕೇಳಿಸುತ್ತಿತ್ತು. ಆದರೆ ನೆಲಕ್ಕೆ ಕಾಲಿಟ್ಟರೆ ಅವರು ಉಪ್ಪಾಗುತ್ತಿದ್ದರು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ.

ಆ ರಾಜ್ಯದ ರಾಣಿ ನೀಲವ್ವೆ. ಅವಳ ಮಗಳು ತೆರೆಮಲ್ಲಿ ಚುಕ್ಕಾಣಿ ಹಿಡಿಯುವುದರಲ್ಲಿ ನಿಸ್ಸೀಮೆ.

ದಿನಾ ಬೆಳಗಿನಲ್ಲಿ ಕಡಲು ಕರೆಯುತ್ತಿತ್ತು, ಕಿನ್ನರರು ಏಳುತ್ತಿದ್ದರು. ಒಂದು ಬೆಳಗ್ಗೆ ಕಡಲು ಕರೆಯಲಿಲ್ಲ. ಅಲೆಗಳು ಏಳುತ್ತಿದ್ದವು, ಬೀಳುತ್ತಿದ್ದವು, ಸದ್ದು ಮಾತ್ರ ಇಲ್ಲ. ಮಲಗಿದ್ದವರು ಮಲಗಿಯೇ ಇದ್ದರು. ಚುಕ್ಕಾಣಿಯ ಬಳಿ ಎಚ್ಚರವಾಗಿದ್ದ ಮಲ್ಲಿ ಓಡಿಹೋಗಿ ತಾಯಿಯ ಭುಜ ಅಲುಗಿಸಿದಳು.

"ಅವ್ವಾ, ಏಳೇ! ಅವ್ವಾ!"

ನೀಲವ್ವೆ ಏಳಲಿಲ್ಲ. ಅವಳ ಉಸಿರು ಸಣ್ಣಗಾಗುತ್ತಿತ್ತು.

ಆಗ ಕಡಲಹಕ್ಕಿಯೊಂದು ಬಂದು ಹಡಗಿನ ಕೊಂಬೆಯ ಮೇಲೆ ಕುಳಿತಿತು. "ಬಿಳಿದ್ವೀಪದ ಮಾಂತ್ರಿಕ ಕರಿಗಲ್ಲ ಕಡಲಿನ ದನಿಯನ್ನೆಲ್ಲ ಶಂಖದಲ್ಲಿ ತುಂಬಿ ಬಾಯಿ ಮುಚ್ಚಿದ್ದಾನೆ. ಮುಚ್ಚಿದ ಕೈಯೇ ಅದನ್ನು ತೆರೆಯಬೇಕು. ಕದ್ದು ತಂದರೆ ಫಲವಿಲ್ಲ" ಎಂದಿತು.

ಮಲ್ಲಿ ಪುಟ್ಟ ದೋಣಿ ಇಳಿಸಿ ಹೊರಟಳು.

ಮೊದಲು ಮಂಜಿನ ಕಡಲು ಎದುರಾಯಿತು. ಹಾಲಿನಂಥ ಮಂಜು. ಅದರೊಳಗಿಂದ ತಾಯಿಯ ದನಿ ಬಂತು: "ಮಲ್ಲೀ, ನನ್ನ ಚಿನ್ನಾ, ನಾನು ಎದ್ದಿದ್ದೇನೆ. ಹಿಂದಿರುಗಿ ಬಾ."

ಮಲ್ಲಿ ಹುಟ್ಟು ಹಾಕುವುದನ್ನು ನಿಲ್ಲಿಸಿ ಕಿವಿಗೊಟ್ಟಳು. ಆಮೇಲೆ ಅವಳು ನಕ್ಕುಬಿಟ್ಟಳು. "ನಮ್ಮವ್ವ ಎದ್ದಿದ್ದರೆ, ಹೇಳದೆ ಕೇಳದೆ ಹೋದದ್ದಕ್ಕೆ ಮೊದಲು ಬೈಯುತ್ತಿದ್ದಳು. ನೀನು ಅವಳಲ್ಲ!" ಎಂದು ಕೂಗಿದಳು. ಮಂಜು ನಾಚಿ ಕರಗಿತು.

ಮುಂದೆ ಕನ್ನಡಿಯ ಕಡಲು. ಅಲ್ಲಿ ಬೆಟ್ಟದಂಥ ಆಮೆ ದಾರಿಗೆ ಅಡ್ಡ ಮಲಗಿತ್ತು. ದಾಟುವವರಿಗೆಲ್ಲ ಒಂದು ಪ್ರಶ್ನೆ ಕೇಳುವುದು ಅದರ ವ್ರತ. ಕಡಲಿನ ಜೊತೆ ಅದರ ದನಿಯೂ ಹೋಗಿತ್ತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅದರ ಕಣ್ಣಲ್ಲಿ ನೀರು.

"ಅಳಬೇಡ ಆಮೆಯಜ್ಜಾ" ಎಂದು ಮಲ್ಲಿ ತನ್ನ ನೀಳ ಕಿವಿಯನ್ನು ಅದರ ಚಿಪ್ಪಿಗೆ ಒತ್ತಿದಳು. ಆಮೆಯ ಎದೆಬಡಿತದಲ್ಲಿ ಪ್ರಶ್ನೆ ಕೇಳಿಸಿತು: ಕಡಲಿಗಿಂತ ದೊಡ್ಡದು ಯಾವುದು?

ಮಲ್ಲಿ ತಾಯಿಯ ಮುಚ್ಚಿದ ಕಣ್ಣುಗಳನ್ನು ನೆನೆದಳು. "ನಮ್ಮವರಿಗಾಗಿ ಕಾಯುವುದು" ಎಂದಳು.

ಆಮೆ ನಿಟ್ಟುಸಿರು ಬಿಟ್ಟು, ನೀರಿನೊಳಗೆ ಮೆಲ್ಲನೆ ಮುಳುಗಿ ದಾರಿ ಬಿಟ್ಟಿತು.

ಕೊನೆಗೆ ಬಿಳಿದ್ವೀಪ ಬಂತು. ದೂರದ ದಿಬ್ಬದ ಮೇಲೆ ಕರಿಗಲ್ಲ ಶಂಖವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ನಡುವೆ ಬರೀ ಮರಳು.

ಮಲ್ಲಿ ಕಣ್ಣುಮುಚ್ಚಿ ಮರಳಿಗೆ ಕಾಲಿಟ್ಟಳು. ಬೆರಳುಗಳು ಬೆಳ್ಳಗಾದವು. ಇನ್ನಷ್ಟು ನಡೆದಳು, ಪಾದಗಳು ಉಪ್ಪಾದವು. ದಿಬ್ಬ ಹತ್ತುವಾಗ ಮೊಣಕಾಲುಗಳೂ ಮರಗಟ್ಟಿದವು. ಕೈಯೂರಿ ತೆವಳಿದಳು. ಮಾಂತ್ರಿಕನ ಮುಂದೆ ಬಂದಾಗ ಉಪ್ಪು ಸೊಂಟ ಮುಟ್ಟಿತ್ತು.

"ಉಪ್ಪಾಗುವೆನೆಂದು ಗೊತ್ತಿದ್ದೂ ಬಂದೆಯಾ?" ಕರಿಗಲ್ಲ ಬೆರಗಾದ.

"ನಮ್ಮವ್ವ ಏಳುತ್ತಿಲ್ಲ, ಅಜ್ಜಾ. ಶಂಖ ತೆರೆ."

"ನೀವು ಕಿನ್ನರರು ಹಾಡುವ ಹಾಡು ಕೇಳಲೆಂದು ಚಿಗುರಿ ಎಂಬ ನನ್ನ ಮಗಳು ಈಜಿಹೋದಳು, ಮತ್ತೆ ಬರಲಿಲ್ಲ. ಅಂದೇ ನಿಮ್ಮ ಕುಲಕ್ಕೆ ಉಪ್ಪಿನ ಶಾಪ ಕೊಟ್ಟೆ. ಆದರೂ ಈ ಹಾಳು ಕಡಲು ಹಗಲಿರುಳು ಮೊರೆಯುತ್ತಿತ್ತು. ಕೇಳಲಾರದೆ ಅದರ ದನಿ ಕಿತ್ತೆ" ಎಂದ ಅವನು.

ಮಲ್ಲಿ ಬಗ್ಗಿ ಶಂಖಕ್ಕೆ ಕಿವಿಗೊಟ್ಟಳು. ಸಾವಿರ ದನಿಗಳ ನಡುವೆ ಎಳೆಯ ದನಿಯೊಂದಿತ್ತು. "ಕಡಲು ಬರೀ ಮೊರೆಯುತ್ತಿರಲಿಲ್ಲ ಅಜ್ಜಾ. ನೀನು ಪೂರ್ತಿ ಕೇಳಲೇ ಇಲ್ಲ. ನನ್ನ ಕಿವಿಯ ಮೇಲೆ ಕೈಯಿಡು, ಈಗ ಕೇಳು."

ಕರಿಗಲ್ಲ ಹೆದರಿ ಹೆದರಿ ಅವಳ ನೀಳ ಕಿವಿಯನ್ನು ಮುಟ್ಟಿದ. ಅವಳಿಗೆ ಕೇಳಿಸಿದ್ದು ಅವನಿಗೂ ಕೇಳಿಸಿತು.

"ಅಪ್ಪಾ, ಉಂಡೆಯಾ?"

ಮುದುಕ ಬಿಕ್ಕಿಬಿಕ್ಕಿ ಅತ್ತ. "ಇಲ್ಲ ಮಗಳೇ, ಇನ್ನೂ ಇಲ್ಲ" ಎನ್ನುತ್ತಾ ಶಂಖದ ಬಾಯಿ ತೆರೆದ.

ಕಡಲು ಮೊರೆಯಿತು! ಅಲೆಯೊಂದು ದಿಬ್ಬದವರೆಗೂ ಏರಿ ಬಂದು ಮಲ್ಲಿಯ ಮೇಲಿನ ಉಪ್ಪನ್ನೆಲ್ಲ ತೊಳೆದುಕೊಂಡು ಹೋಯಿತು. ಅವಳ ಕಾಲು ಮತ್ತೆ ಬೆಚ್ಚಗಾಯಿತು. ಶಾಪ ಕಳೆದಿತ್ತು.

ಸಂಜೆಯ ಹೊತ್ತಿಗೆ, ಕಡಲಿನ ಕರೆಗೆ ಎಚ್ಚೆತ್ತ ಕಿನ್ನರರ ಎಲೆಹಾಯಿಯ ಹಡಗುಗಳೆಲ್ಲ ದ್ವೀಪಕ್ಕೆ ಬಂದವು. ಮುಂದಿನ ಹಡಗಿನ ತುದಿಯಲ್ಲಿ ನೀಲವ್ವೆ ನಿಂತಿದ್ದಳು. "ಬಾರವ್ವಾ, ಏನೂ ಆಗುವುದಿಲ್ಲ" ಎಂದು ಮಲ್ಲಿ ಕೈಚಾಚಿದಳು. ರಾಣಿ ಮರಳಿಗೆ ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು, ಹುಟ್ಟಿದಾಗಿನಿಂದ ಅಲುಗದ ನೆಲವನ್ನೇ ಕಾಣದವಳು ತಲೆ ತಿರುಗಿ ಧೊಪ್ಪನೆ ಕುಳಿತುಬಿಟ್ಟಳು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಅಂದು ಕಿನ್ನರರು ದಡದ ಮೇಲೆ ಒಲೆ ಹೂಡಿ ಅಡಿಗೆ ಮಾಡಿದರು. ಕರಿಗಲ್ಲನನ್ನು ನಡುವೆ ಕೂರಿಸಿ ಬಡಿಸಿದರು. ಅವನು ಅಳುತ್ತಲೇ ಉಂಡ, ಉಂಡು ಅಲ್ಲೇ ನಿದ್ದೆಹೋದ.

ಮುಂದೆ ಅಲೆನಾಡಿನ ಮಕ್ಕಳು ಈಜುವುದರ ಜೊತೆಗೆ ಓಡುವುದನ್ನೂ ಕಲಿತರು. ಹಡಗುಗಳು ದಡಕ್ಕೆ ಬೇರಿಳಿಸಿ ಹೂಬಿಟ್ಟವು. ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು. ಅವರ ನೀರಿನ ಮೇಲೂ ನಮ್ಮ ನೆಲದ ಮೇಲೂ ತಂಪು ನೆಲೆಸಿರಲಿ.